ಟೋಕಿಯೊದ ಗಿಂಜಾದಲ್ಲಿ ಎರಡು ಲಕ್ಷ ರೂಪಾಯಿಗೆ ಒಂದೇ ಒಂದು ಒಳ್ಳೆಯ ವಸ್ತು: ಏನು ಕೊಳ್ಳಲಿ, ಎಲ್ಲಿ ಕೊಳ್ಳಲಿ?

ಗಣಿತ ಟೀಚರ್, ಮೈಸೂರು
ಎಲ್ಲರಿಗೂ ನಮಸ್ಕಾರ. ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಟ್ಟು ಈ ವರ್ಷ ನಿವೃತ್ತಳಾದೆ. ನವೆಂಬರ್ ಕೊನೆಯ ವಾರ ಮಗಳ ಜೊತೆ ಎಂಟು ದಿನ ಟೋಕಿಯೊಗೆ ಹೊರಟಿದ್ದೇನೆ. ಟಿಕೆಟ್, ಹೋಟೆಲ್ ಎಲ್ಲವೂ ಮಗಳ ಖರ್ಚು. ನನ್ನ ಕೈಯಿಂದ ಎರಡು ಲಕ್ಷ ರೂಪಾಯಿ ಬೇರೆಯಾಗಿ ಎತ್ತಿಟ್ಟಿದ್ದೇನೆ, ಅಂದರೆ ಸುಮಾರು 3,40,000 ಯೆನ್. ಮಕ್ಕಳ ಓದು, ಮನೆಯ ಸಾಲ, ಅತ್ತೆಯವರ ಆಸ್ಪತ್ರೆ ಎಲ್ಲ ಮುಗಿದ ಮೇಲೆ ನನಗಾಗಿಯೇ ಎಂದು ಇಟ್ಟುಕೊಂಡ ಹಣ ಇದು. ಬಹಳ ದಿನ ಬಾಳುವ, ನೋಡಿದಾಗಲೆಲ್ಲ ಸಂತೋಷ ಕೊಡುವ ಒಂದೇ ಒಂದು ವಸ್ತು ಕೊಳ್ಳಬೇಕು.

ಮಗಳು ಹೆಸರಾಂತ ಫ್ರೆಂಚ್ ಕಂಪನಿಯ ಕೈಚೀಲ ಎನ್ನುತ್ತಾಳೆ, ಜಪಾನಿನಲ್ಲಿ ಅಗ್ಗವಂತೆ. ನನಗೆ ಕೈಗಡಿಯಾರದ ಮೇಲೆ ಸ್ವಲ್ಪ ಮನಸ್ಸಿದೆ. ಮುತ್ತಿನ ಸರ ಎಂದರೂ ಆಸೆಯೇ.

ಇನ್ನೊಂದು ಅಳುಕನ್ನೂ ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದೆ ಬೆಂಗಳೂರಿನ ಒಂದು ದೊಡ್ಡ ಮಾಲ್‌ನ ಅಂಗಡಿಗೆ ಇಳಕಲ್ ಸೀರೆ ಉಟ್ಟು, ಚಪ್ಪಲಿ ಮೆಟ್ಟಿಕೊಂಡು ಹೋಗಿದ್ದೆ. ಕಪಾಟಿನಲ್ಲಿದ್ದ ಚೀಲ ತೋರಿಸಿ ಎಂದಾಗ ಅಲ್ಲಿದ್ದ ಹುಡುಗಿ ಚೀಲಕ್ಕೆ ಕೈ ಹಾಕಲಿಲ್ಲ. "ಅದರ ಬೆಲೆ ಗೊತ್ತಲ್ಲ ಆಂಟಿ?" ಎಂದಳು. ಸುಮ್ಮನೆ ಹೊರಗೆ ಬಂದೆ. ಟೋಕಿಯೊದಲ್ಲಿಯೂ ಹಾಗೆಯೇ ಆದರೆ ನನ್ನಿಂದ ಸಹಿಸಲಾಗದು. ಅನುಭವ ಇರುವವರು ಹೇಳಿ.

ಉಳಿತಾಯವೇ ಗಳಿಕೆ
ಮೇಡಂ, ತಪ್ಪು ತಿಳಿಯಬೇಡಿ. ಎರಡು ಲಕ್ಷವನ್ನು ಹಿರಿಯ ನಾಗರಿಕರ ಠೇವಣಿಯಲ್ಲಿಟ್ಟರೆ ಬಡ್ಡಿಯಾದರೂ ಬರುತ್ತದೆ. ಚಿನ್ನ ಕೊಂಡರೆ ಆಪತ್ತಿಗೆ ಆಗುತ್ತದೆ. ಚೀಲಕ್ಕೆ ಎರಡು ಲಕ್ಷ ಸುರಿಯುವುದು ನನಗಂತೂ ಅರ್ಥವಾಗುವುದಿಲ್ಲ.

ಧಾರವಾಡದಾಕೆ
@ಉಳಿತಾಯವೇ ಗಳಿಕೆ, ಏನು ಕೊಳ್ಳಲಿ ಎಂದು ಅವರು ಕೇಳಿದ್ದಾರೆ, ಕೊಳ್ಳಲೋ ಬೇಡವೋ ಎಂದು ಕೇಳಿಲ್ಲ. ಮೂವತ್ತೊಂದು ವರ್ಷ ಊರಿನ ಮಕ್ಕಳಿಗೆ ಲೆಕ್ಕ ಕಲಿಸಿದವರಿಗೆ ತಮ್ಮ ಲೆಕ್ಕ ತಿಳಿಯದೇ? ಗಂಡಸು ನಿವೃತ್ತಿಯ ಹಣದಲ್ಲಿ ಕಾರು ಕೊಂಡರೆ ಯಾರೂ ಹೀಗೆ ಬುದ್ಧಿ ಹೇಳುವುದಿಲ್ಲ.

ನಿಶಿಕಸಾಯಿ ಕನ್ನಡಿಗ
ಟೀಚರ್, ಹನ್ನೆರಡು ವರ್ಷದಿಂದ ಟೋಕಿಯೊದಲ್ಲಿದ್ದೇನೆ. ಮೊದಲು ನಿಮ್ಮ ಅಳುಕಿಗೆ ಉತ್ತರ. ಗಿಂಜಾ ಎಂದರೆ ಇಲ್ಲಿನ ದುಬಾರಿ ಅಂಗಡಿಗಳ ಪ್ರದೇಶ, ಆದರೂ ಅಲ್ಲಿನ ಯಾವ ಅಂಗಡಿಗಾದರೂ ಸೀರೆ ಉಟ್ಟು ಧೈರ್ಯವಾಗಿ ಹೋಗಿ. ಹೋದ ವರ್ಷ ನನ್ನ ಅಮ್ಮ ಬಂದಿದ್ದರು. ಸೀರೆ, ಅದರ ಮೇಲೆ ನನ್ನ ಹಳೆಯ ಸ್ವೆಟರ್, ಕಾಲಿಗೆ ಕಾಲುಚೀಲ ಮತ್ತು ಚಪ್ಪಲಿ. ಒಂದು ಮುತ್ತಿನ ಅಂಗಡಿಯಲ್ಲಿ ನಡುವಯಸ್ಸಿನ ಮಹಿಳೆಯೊಬ್ಬರು ಅಮ್ಮನಿಗೆ ಕುರ್ಚಿ ಎಳೆದು ಕೊಟ್ಟರು. ಬೂದು ಬಣ್ಣದ ಬಟ್ಟೆ ಹೊದಿಸಿದ ತಟ್ಟೆ ತಂದಿಟ್ಟು, ಅದರ ಮೇಲೆ ಸರವನ್ನು ಉದ್ದಕ್ಕೆ ಮಲಗಿಸಿದರು. ಅಮ್ಮ ಕೊಳ್ಳುವವರಲ್ಲ ಎಂದು ಅವರಿಗೆ ತಿಳಿದಿತ್ತು. ಆದರೂ ಒಂದಾದ ಮೇಲೆ ಒಂದು ನಾಲ್ಕು ಸರ ತೋರಿಸಿದರು. ಕೊನೆಗೆ ಸೀರೆಯ ಸೆರಗು ನೋಡಬಹುದೇ ಎಂದು ಕೇಳಿ, ನೇಯ್ಗೆಯನ್ನು ಬೆರಳಿನಲ್ಲಿ ಮುಟ್ಟಿ ನೋಡಿದರು. ಅಮ್ಮ ಈಗಲೂ ಊರಿನಲ್ಲಿ ಆ ಮಹಿಳೆಯ ಮಾತನ್ನೇ ಆಡುತ್ತಾರೆ.

ಒಂದು ಸಲಹೆ ಮಾತ್ರ. ಕಪಾಟಿನಲ್ಲಿರುವುದನ್ನು ನೀವೇ ಎತ್ತಿಕೊಳ್ಳಬೇಡಿ, ಬೆರಳು ತೋರಿಸಿ ಕೇಳಿ. ಕೊಂಡಾದ ಮೇಲೆ ಚೀಲವನ್ನು ಕೌಂಟರಿನಲ್ಲಿ ಕೈಗೆ ಕೊಡುವುದಿಲ್ಲ, ಬಾಗಿಲಿನವರೆಗೆ ಅವರೇ ಹಿಡಿದು ತಂದು ಕೊಟ್ಟು ತಲೆಬಾಗುತ್ತಾರೆ. ಹೊರಗೆ ಮಳೆ ಇದ್ದರೆ ಕಾಗದದ ಚೀಲದ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹೊದಿಕೆಯನ್ನು ಹಾಕಿಯೇ ಕಳಿಸುತ್ತಾರೆ.

ಕೋರಮಂಗಲದಿಂದ
ಮಗಳು ಹೇಳಿದ್ದೇ ಸರಿ, ಚೀಲವೇ ಕೊಳ್ಳಿ. ಯೆನ್ ಬಿದ್ದಿದೆ, ಮೇಲೆ 10 ಶೇಕಡಾ ತೆರಿಗೆಯೂ ಬಿಡುತ್ತಾರೆ. ಪಾಸ್‌ಪೋರ್ಟ್ ತೋರಿಸಿದರೆ ಕೌಂಟರಿನಲ್ಲೇ ಕಳೆದುಕೊಡುತ್ತಾರೆ. 2024ರ ಜುಲೈನಲ್ಲಿ ನಾನು ಹೋದಾಗ ಒಂದು ಡಾಲರಿಗೆ 161 ಯೆನ್ ಇತ್ತು. ಟೋಕಿಯೊದ ಒಮೊಟೆಸಾಂಡೊ ಬೀದಿಯ ಅಂಗಡಿಗಳ ಮುಂದೆ ಸಾಲು ನಿಂತಿತ್ತು.

ಲೆಕ್ಕಪರಿಶೋಧಕ, ಹುಬ್ಬಳ್ಳಿ
ಮೇಲಿನ ಉತ್ತರದಲ್ಲಿ ಎರಡು ತಪ್ಪುಗಳಿವೆ.

ಒಂದು, ಕೌಂಟರಿನಲ್ಲೇ ತೆರಿಗೆ ಕಳೆಯುವ ಪದ್ಧತಿ 2026ರ ಅಕ್ಟೋಬರ್ 31ಕ್ಕೆ ಮುಗಿಯುತ್ತದೆ. ನವೆಂಬರ್ 1ರಿಂದ ಪ್ರವಾಸಿಗಳು ತೆರಿಗೆ ಸೇರಿದ ಪೂರ್ತಿ ಬೆಲೆ ಕೊಡಬೇಕು. ದೇಶ ಬಿಡುವಾಗ ವಿಮಾನ ನಿಲ್ದಾಣದಲ್ಲಿ ಸುಂಕದವರ ದೃಢೀಕರಣ ಆದ ಮೇಲೆ ತೆರಿಗೆ ವಾಪಸು ಬರುತ್ತದೆ. ಟೀಚರ್ ಹೋಗುವುದು ನವೆಂಬರ್ ಕೊನೆಯ ವಾರ, ಆದ್ದರಿಂದ ಹೊಸ ಪದ್ಧತಿಯೇ ಅನ್ವಯ. 3,40,000 ಯೆನ್ ಮಿತಿ ಎಂದರೆ ತೆರಿಗೆ ಸೇರಿಸಿಯೇ ಅಷ್ಟು ಇರಬೇಕು. ಕೊಂಡ ವಸ್ತುವನ್ನು ಚೆಕ್-ಇನ್ ಪೆಟ್ಟಿಗೆಗೆ ಹಾಕಿ ಕಳಿಸುವ ಮೊದಲೇ ದೃಢೀಕರಣ ಮಾಡಿಸಿಕೊಳ್ಳಿ, ತೋರಿಸಿ ಎಂದರೆ ತೋರಿಸಬೇಕಾಗುತ್ತದೆ. ಒಂದು ದಿನ ಒಂದು ಅಂಗಡಿಯಲ್ಲಿ ತೆರಿಗೆ ಬಿಟ್ಟು ಕನಿಷ್ಠ 5,000 ಯೆನ್ ಖರೀದಿ ಇರಬೇಕೆಂಬ ನಿಯಮ ಹಾಗೆಯೇ ಇದೆ.

ಎರಡನೆಯದು 10 ಶೇಕಡಾದ ವಿಷಯ. ಅದನ್ನು ಗಣಿತ ಟೀಚರೇ ಹೇಳಲಿ.

ಗಣಿತ ಟೀಚರ್, ಮೈಸೂರು
ಹೇಳುತ್ತೇನೆ! ಬೆಲೆಚೀಟಿಯಲ್ಲಿ ತೆರಿಗೆ ಸೇರಿ 1,10,000 ಯೆನ್ ಎಂದಿದ್ದರೆ ವಾಪಸು ಬರುವುದು 10,000, 11,000 ಅಲ್ಲ. ತೆರಿಗೆಯನ್ನು ಹಾಕಿದ್ದು ಮೂಲ ಬೆಲೆಯ ಮೇಲೆ. ಚೀಟಿಯ ಬೆಲೆಗೆ ಹೋಲಿಸಿದರೆ ಅದು ಹನ್ನೊಂದರಲ್ಲಿ ಒಂದು ಪಾಲು, 9.09 ಶೇಕಡಾ. ಎಂಟನೆಯ ತರಗತಿಯ ಮಕ್ಕಳು ಪ್ರತಿ ವರ್ಷ ಇದೇ ಲೆಕ್ಕದಲ್ಲಿ ಎಡವುತ್ತಿದ್ದರು.

ನವೆಂಬರ್ 1ರ ವಿಷಯ ನನಗೆ ತಿಳಿದೇ ಇರಲಿಲ್ಲ. ತುಂಬಾ ಉಪಕಾರವಾಯಿತು.

ನಿಶಿಕಸಾಯಿ ಕನ್ನಡಿಗ
ಇನ್ನೊಂದನ್ನೂ ಸೇರಿಸುತ್ತೇನೆ. ಡಿಪಾರ್ಟ್‌ಮೆಂಟ್ ಸ್ಟೋರ್‌ಗಳು ತೆರಿಗೆ ಮರಳಿಸುವಾಗ ಸಣ್ಣ ಶುಲ್ಕ ಹಿಡಿದುಕೊಳ್ಳುವುದುಂಟು. ಅದೇ ಸ್ಟೋರ್‌ಗಳಲ್ಲಿ ವಿದೇಶಿ ಪ್ರವಾಸಿಗಳಿಗೆ 5 ಶೇಕಡಾ ರಿಯಾಯಿತಿಯ ಗೆಸ್ಟ್ ಕಾರ್ಡ್ ಕೂಡ ಸಿಗುತ್ತದೆ. ಪಾಸ್‌ಪೋರ್ಟ್ ತೋರಿಸಿದರೆ ಸಾಕು. ಆದರೆ ಯೂರೋಪಿನ ದೊಡ್ಡ ಕಂಪನಿಗಳ ಮಳಿಗೆಗಳಿಗೆ ಸಾಮಾನ್ಯವಾಗಿ ಈ ಕಾರ್ಡ್ ನಡೆಯುವುದಿಲ್ಲ. ಮೊದಲೇ ಕೇಳಿಕೊಳ್ಳಿ.

ಗಡಿಯಾರ ಪ್ರೇಮಿ, ಜಾಲಹಳ್ಳಿ
ಟೋಕಿಯೊವರೆಗೆ ಹೋಗಿ ಫ್ರಾನ್ಸಿನ ಚೀಲ ಏಕೆ ತರಬೇಕು? ಅದೇ ಚೀಲ ದುಬೈಯಲ್ಲೂ ಇದೆ, ಸಿಂಗಪುರದಲ್ಲೂ ಇದೆ, ಮುಂಬೈಯಲ್ಲೂ ಇದೆ. ಯೆನ್ ಬಿದ್ದಾಗ ಆ ಕಂಪನಿಗಳು ಜಪಾನಿನ ಬೆಲೆಯನ್ನು ಮತ್ತೆ ಮತ್ತೆ ಏರಿಸಿದವು. 2024ರ ಲಾಭವನ್ನು ಈಗ ನಿರೀಕ್ಷಿಸಬೇಡಿ.

ಗಿಂಜಾ 4-ಚೋಮೆಯ (ನಾಲ್ಕನೆಯ ಬ್ಲಾಕಿನ) ನಾಲ್ಕು ದಾರಿಯ ಮೂಲೆಯಲ್ಲಿ ಗಡಿಯಾರ ಗೋಪುರವಿರುವ ಕಟ್ಟಡ ಕಾಣುತ್ತದೆ. 1932ರಲ್ಲಿ ಕಟ್ಟಿದ್ದು, ವಾಕೊ ಎಂದು ಪ್ರಸಿದ್ಧ. ಅದು ಸೈಕೊ ಗಡಿಯಾರ ಕಂಪನಿಯವರದು. ಸೈಕೊ ಸ್ಥಾಪಿಸಿದ ಕಿಂತಾರೊ ಹತ್ತೊರಿ 1881ರಲ್ಲಿ ಆ ಪ್ರದೇಶದಲ್ಲೇ ಗಡಿಯಾರದ ಅಂಗಡಿ ತೆರೆದವರು. ಗ್ರ್ಯಾಂಡ್ ಸೈಕೊ ಎಂಬ ಸಾಲು 1960ರಿಂದ ಇದೆ. ಅದರ 9ಎಫ್ ಕ್ವಾರ್ಟ್ಜ್ ಯಂತ್ರ ವರ್ಷಕ್ಕೆ ಹತ್ತು ಸೆಕೆಂಡಿನ ಆಚೀಚೆ ಮಾತ್ರ ಹೋಗುತ್ತದೆ. ಹೆಂಗಸರ ಅಳತೆಯ ಕೆಲವು ಮಾದರಿಗಳು ನಿಮ್ಮ ಮಿತಿಯ ಹತ್ತಿರಕ್ಕೆ ಬರುತ್ತವೆ. ಮುಳ್ಳಿನ ಅಂಚನ್ನು ಕಣ್ಣ ಹತ್ತಿರ ಹಿಡಿದು ನೋಡಿ. ಒಂದು ಕಡೆ ಕನ್ನಡಿಯಷ್ಟು ನುಣುಪು, ಇನ್ನೊಂದು ಕಡೆ ಗೀರು ಎಳೆದ ಮಟ್ಟ, ನಡುವಿನ ಗೆರೆ ಕೂದಲೆಳೆಯಷ್ಟು ನೇರ. ನನಗೆ ಆ ಕೆಲಸದ ಮೇಲೆ ಬಹಳ ಗೌರವವಿದೆ.

ಮಡಿಕೇರಿ ಮಂಜು
ಸೈಕೊ ಎಂದರೆ ನಮ್ಮ ಎಚ್‌ಎಂಟಿಗೆ ತಂತ್ರಜ್ಞಾನ ಕೊಟ್ಟ ಕಂಪನಿ ಅಲ್ಲವೇ? ಅಪ್ಪನ ಕೈಯಲ್ಲಿ ಎಚ್‌ಎಂಟಿ ಜನತಾ ಇತ್ತು.

ಗಡಿಯಾರ ಪ್ರೇಮಿ, ಜಾಲಹಳ್ಳಿ
@ಮಡಿಕೇರಿ ಮಂಜು, ಅಲ್ಲ, ಅದು ಸಿಟಿಜನ್. 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆ ಶುರುವಾದದ್ದು ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ. ನಮ್ಮ ತಂದೆ ಅಲ್ಲಿ ಜೋಡಣೆ ವಿಭಾಗದಲ್ಲಿದ್ದರು. ಮನೆಗೆ ಬಂದಾಗಲೂ ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು ನೆರೆಯವರ ಗಡಿಯಾರ ಬಿಚ್ಚುತ್ತಿದ್ದರು. ಸಿಟಿಜನ್‌ನವರದೂ "ದಿ ಸಿಟಿಜನ್" ಎಂಬ ಮೇಲ್ದರ್ಜೆಯ ಸಾಲು ಇದೆ. ಬೆಳಕಿನಿಂದಲೇ ಓಡುತ್ತದೆ, ವರ್ಷಕ್ಕೆ ಐದು ಸೆಕೆಂಡಿನ ಆಚೀಚೆ. ಬೆಂಗಳೂರಿನವರಿಗೆ ಆ ಹೆಸರಿನ ಮೇಲೆ ಒಂದು ಋಣ ಇದೆ ಎಂದೇ ನನ್ನ ಭಾವನೆ.

ಕೋರಮಂಗಲದಿಂದ
ಎಲ್ಲರೂ ಚೀಲವನ್ನು ಏಕೆ ಹೀಗೆ ತೆಗೆದುಹಾಕುತ್ತೀರಿ? ಹೊಸದು ಬೇಡ ಎಂದರೆ ಬಳಸಿದ್ದನ್ನು ನೋಡಿ. ಜಗತ್ತಿನಲ್ಲೇ ಹಳೆಯ ಚೀಲಗಳನ್ನು ಇಷ್ಟು ಜೋಪಾನವಾಗಿ ಮಾರುವ ಊರು ಇನ್ನೊಂದಿಲ್ಲ. ಕೊಮೆಹ್ಯೊ, ಬ್ರ್ಯಾಂಡ್ ಆಫ್, ದೈಕೊಕುಯಾ, ಹೀಗೆ ದೊಡ್ಡ ದೊಡ್ಡ ಅಂಗಡಿಗಳಿವೆ. ಪ್ರತಿ ಚೀಲಕ್ಕೂ ಮೇಲಿನಿಂದ ಕೆಳಕ್ಕೆ ಎಸ್, ಎ, ಎಬಿ, ಬಿ ಎಂದು ದರ್ಜೆ ಬರೆದಿರುತ್ತಾರೆ. ಮೂಲೆ ಸವೆದಿದ್ದರೆ ಸವೆದಿದೆ ಎಂದು ಚೀಟಿಯಲ್ಲಿ ಬರೆದಿರುತ್ತದೆ, ಒಳಗೆ ಪೆನ್ನಿನ ಕಲೆ ಇದ್ದರೆ ಅದನ್ನೂ ಬರೆದಿರುತ್ತಾರೆ. ನಾನು ಕೊಂಡ ಎಬಿ ದರ್ಜೆಯ ಚೀಲವನ್ನು ಇಲ್ಲಿ ಯಾರೂ ಹಳೆಯದು ಎಂದು ನಂಬಲಿಲ್ಲ.

ಉಳಿತಾಯವೇ ಗಳಿಕೆ
ಇನ್ನೊಬ್ಬರು ಬಳಸಿ ಬಿಟ್ಟದ್ದನ್ನು ಲಕ್ಷ ಕೊಟ್ಟು ತರುವುದೇ? ಅದರ ಹಿಂದೆ ಯಾರ ಕಥೆ ಇದೆಯೋ.

ಧಾರವಾಡದಾಕೆ
ಅಜ್ಜಿಯ ಬಳೆ ನಾವು ತೊಡುವುದಿಲ್ಲವೇ? ಹಳೆಯ ಮನೆಯ ಕಂಬ ತಂದು ಹೊಸ ಮನೆಗೆ ನಿಲ್ಲಿಸುವುದಿಲ್ಲವೇ? ಬಳಸಿದ್ದು ಎಂದ ಮಾತ್ರಕ್ಕೆ ಮೈಲಿಗೆ ಎನ್ನುವ ಮಾತು ನನಗೆ ಒಪ್ಪಿಗೆಯಿಲ್ಲ.

ಕುಂದಾಪುರದ ಮಳೆ
ಮೈಲಿಗೆಯ ಮಾತು ಬಿಡಿ, ಬೂಷ್ಟಿನ ಮಾತು ಕೇಳಿ. ಅಕ್ಕ ಟೋಕಿಯೊದಿಂದ ಬಳಸಿದ ಚೀಲ ಒಂದನ್ನು ತಂದಳು. ಜೂನ್‌ನಲ್ಲಿ ಕಪಾಟಿಗೆ ಇಟ್ಟು ಆಗಸ್ಟ್‌ನಲ್ಲಿ ತೆಗೆದರೆ ಚರ್ಮದ ಮೇಲೆ ಬಿಳಿ ಬೂಷ್ಟು. ಒಳಗಿನ ಜೇಬಿಗೆ ಕೈ ಹಾಕಿದರೆ ಬೆಲ್ಲದ ಪಾಕ ಮುಟ್ಟಿದ ಹಾಗೆ ಅಂಟು. ಹಳೆಯ ಚೀಲಗಳ ಒಳಪದರ ಕಾಲ ಕಳೆದಂತೆ ಕರಗಿ ಹೀಗಾಗುತ್ತದಂತೆ, ತೇವ ಇದ್ದಲ್ಲಿ ಇನ್ನೂ ಬೇಗ. ಕೊಳ್ಳುವುದಾದರೆ ಒಳಜೇಬಿಗೆ ಬೆರಳು ಹಾಕಿ ಒತ್ತಿ ನೋಡಿ, ಮೂಗಿನ ಹತ್ತಿರ ಹಿಡಿದು ವಾಸನೆಯನ್ನೂ ನೋಡಿ. ಮೈಸೂರಿನ ಹವೆಗೆ ಪರವಾಗಿಲ್ಲ, ಕರಾವಳಿಗೆ ಆಗದು.

ಕೋರಮಂಗಲದಿಂದ
@ಕುಂದಾಪುರದ ಮಳೆ, ಒಳಜೇಬಿನ ಮಾತು ನಿಜ, ಒಪ್ಪುತ್ತೇನೆ. ಅದಕ್ಕೇ ಬಹಳ ಹಳೆಯ ಮಾದರಿಗಳನ್ನು ನಾನು ಮುಟ್ಟುವುದಿಲ್ಲ. ದರ್ಜೆ ಕೂಡ ಆಯಾ ಅಂಗಡಿಯವರೇ ಕೊಡುವುದು, ಒಬ್ಬರ ಎ ಇನ್ನೊಬ್ಬರ ಎಬಿ ಆಗಬಹುದು. ಆದರೆ ನಕಲಿಯ ಭಯ ಕಡಿಮೆ. ಅಲ್ಲಿ ಬಳಸಿದ ವಸ್ತು ಮಾರಲು ಪರವಾನಗಿ ಬೇಕು. ನಕಲಿಯನ್ನು ತಡೆಯಲೆಂದೇ ವರ್ತಕರು ಕಟ್ಟಿಕೊಂಡ ಎಎಸಿಡಿ ಎಂಬ ಸಂಘವೂ ಇದೆ.

ಸಸ್ಯಾಹಾರಿ ಪ್ರವಾಸಿ
ಯಾರೂ ಹೇಳಲಿಲ್ಲ ಎಂದು ನಾನು ಹೇಳುತ್ತಿದ್ದೇನೆ. ಚರ್ಮದ ಚೀಲ ಎಂದರೆ ಒಂದು ಪ್ರಾಣಿಯ ಚರ್ಮ. ನಾನು ಚರ್ಮ ಬಿಟ್ಟು ಹದಿನೈದು ವರ್ಷವಾಯಿತು. ಟೀಚರ್, ಗಡಿಯಾರವನ್ನು ಲೋಹದ ಪಟ್ಟಿಯೊಂದಿಗೆ ಕೊಳ್ಳಿ, ಇಲ್ಲವೇ ಮುತ್ತು ಕೊಳ್ಳಿ.

ಒಸಾಕದ ವಿದ್ಯಾರ್ಥಿನಿ
ಮುತ್ತು ಕೂಡ ಜೀವಿಯಿಂದಲೇ ಬರುವುದು ಸರ್. ಅಕೋಯಾ ಎಂಬ ಸಮುದ್ರದ ಚಿಪ್ಪಿನ ಒಳಗೆ ಮಣಿ ಇಟ್ಟು, ಒಂದೆರಡು ವರ್ಷ ಸಮುದ್ರದಲ್ಲಿ ಸಾಕಿ, ಕೊನೆಗೆ ಚಿಪ್ಪು ಒಡೆದು ತೆಗೆಯುತ್ತಾರೆ. ಆಗ ಒಳಗಿನ ಜೀವಿ ಸಾಮಾನ್ಯವಾಗಿ ಸಾಯುತ್ತದೆ.

ರಾಮನಗರದ ರೇಷ್ಮೆ
ಹಾಗಾದರೆ ಮೈಸೂರು ರೇಷ್ಮೆ ಸೀರೆ? ಗೂಡನ್ನು ಬಿಸಿ ನೀರಿಗೆ ಹಾಕಿಯೇ ನೂಲು ತೆಗೆಯುವುದು. ನಮ್ಮ ಮನೆ ನಡೆದದ್ದೇ ಅದರಿಂದ. ಮದುವೆಗೆ ರೇಷ್ಮೆ ಉಟ್ಟು ಇಲ್ಲಿ ಬಂದು ಚರ್ಮ ತಪ್ಪು ಎಂದರೆ ಹೇಗೆ?

ರೇಷ್ಮೆಯ ಮಾತು ಬಂದದ್ದಕ್ಕೆ ಹೇಳುತ್ತೇನೆ, ಜಪಾನಿಗೂ ನಮಗೂ ನಂಟು ಹಳೆಯದು. ಜೆಮ್‌ಶೆಟ್‌ಜಿ ಟಾಟಾ ಜಪಾನಿನ ಪರಿಣತರನ್ನು ಕರೆಸಿ ಬೆಂಗಳೂರಿನಲ್ಲಿ ರೇಷ್ಮೆ ಕೇಂದ್ರ ಮಾಡಿಸಿದರು. ಟಾಟಾ ಸಿಲ್ಕ್ ಫಾರ್ಮ್ ಎಂಬ ಹೆಸರು ಇಂದಿಗೂ ಉಳಿದಿದೆ. ಆಮೇಲೆ 1990ರ ದಶಕದಲ್ಲಿ ದ್ವಿತಳಿ ಗೂಡು ಬೆಳೆಯುವುದನ್ನು ನಮ್ಮ ರೈತರಿಗೆ ಕಲಿಸುವ ಯೋಜನೆಗೂ ಜಪಾನಿನ ನೆರವಿತ್ತು. ಅಪ್ಪ ಆ ತರಬೇತಿಗೆ ಹೋಗಿದ್ದರು.

ಸಸ್ಯಾಹಾರಿ ಪ್ರವಾಸಿ
@ರಾಮನಗರದ ರೇಷ್ಮೆ, ನಾನು ರೇಷ್ಮೆಯನ್ನೂ ಉಡುವುದಿಲ್ಲ. ಆದರೆ ನಿಮ್ಮ ಮನೆಯ ದುಡಿಮೆಯನ್ನು ಹೀಗಳೆಯುವ ಉದ್ದೇಶ ನನಗಿಲ್ಲ. ಮುತ್ತಿನ ವಿಷಯ ನಾನು ಯೋಚಿಸಿರಲಿಲ್ಲ, ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಗಡಿಯಾರಕ್ಕೆ ನನ್ನ ಮತ.

ಗಣಿತ ಟೀಚರ್, ಮೈಸೂರು
ಎಷ್ಟೊಂದು ಉತ್ತರಗಳು! ಮುತ್ತಿನ ಬಗ್ಗೆ ಇನ್ನೂ ಸ್ವಲ್ಪ ಹೇಳುತ್ತೀರಾ? ನಮ್ಮ ಅಮ್ಮನಿಗೆ ಒಂದೆಳೆ ಮುತ್ತಿನ ಸರ ಇತ್ತು. ಅಪ್ಪ ತೀರಿಕೊಂಡ ವರ್ಷ ನನ್ನ ಕಾಲೇಜಿನ ಶುಲ್ಕ ಕಟ್ಟಲು ಅದನ್ನು ಮಾರಿದರು. ಎಷ್ಟಕ್ಕೆ ಎಂದು ಕೊನೆಯವರೆಗೂ ಹೇಳಲಿಲ್ಲ. ಅಂಥದ್ದೇ ಬೇಕು ಎಂದಲ್ಲ, ಆದರೆ ಅಂಗಡಿಯ ಗಾಜಿನಾಚೆ ಮುತ್ತು ಕಂಡಾಗ ಕಾಲು ನಿಲ್ಲುತ್ತದೆ.

ಮಡಿಕೇರಿ ಮಂಜು
ಟೀಚರ್, ಇದನ್ನು ಮೊದಲೇ ಹೇಳಿದ್ದರೆ ಯಾರೂ ಚೀಲದ ಮಾತೇ ಎತ್ತುತ್ತಿರಲಿಲ್ಲ. ಮುತ್ತು ತೆಗೆದುಕೊಳ್ಳಿ.

ಉಳಿತಾಯವೇ ಗಳಿಕೆ
ಮುತ್ತೇ ಆದರೆ ಹೈದರಾಬಾದಿನಲ್ಲಿ ಹತ್ತನೆಯ ಒಂದು ಭಾಗಕ್ಕೆ ಸಿಗುತ್ತದೆ. ರಾತ್ರಿ ರೈಲು ಹತ್ತಿದರೆ ಬೆಳಗ್ಗೆ ಚಾರ್ಮಿನಾರ್.

ನಿಶಿಕಸಾಯಿ ಕನ್ನಡಿಗ
@ಉಳಿತಾಯವೇ ಗಳಿಕೆ, ಹೈದರಾಬಾದಿನಲ್ಲಿ ಈಗ ಮಾರುವುದು ಹೆಚ್ಚಾಗಿ ಚೀನಾದ ಸಿಹಿನೀರಿನ ಮುತ್ತು. ರಂಧ್ರ ಕೊರೆದು ಪೋಣಿಸುವ ಕೈಕೆಲಸ ಹೈದರಾಬಾದಿನದು, ಅದು ಒಳ್ಳೆಯ ಕೆಲಸವೇ. ಆದರೆ ಅಕೋಯಾ ಉಪ್ಪುನೀರಿನ ಮುತ್ತು. ಹೊಳಪೇ ಬೇರೆ, ಬೆಲೆಯೂ ಬೇರೆ.

ಟೀಚರ್, ನನ್ನ ಹೆಂಡತಿ ಇದರ ಬೆನ್ನು ಹತ್ತಿ ವರ್ಷಗಟ್ಟಲೆ ಓದಿದ್ದಾಳೆ. ಅವಳು ಹೇಳಿದ್ದನ್ನು ಬರೆಯುತ್ತೇನೆ. ಕೊಕಿಚಿ ಮಿಕಿಮೊಟೊ 1893ರಲ್ಲಿ ತೊಬಾದ ಸಮುದ್ರದಲ್ಲಿ ಅರ್ಧಗೋಳದ ಮುತ್ತು ಬೆಳೆದು ತೋರಿಸಿದರು, 1899ರಲ್ಲಿ ಗಿಂಜಾದಲ್ಲಿ ಅಂಗಡಿ ತೆರೆದರು. ಆ ಅಂಗಡಿಯನ್ನು ನೋಡಲೇಬೇಕು. ಆದರೆ ಅಂಥ ಹೆಸರಿನ ಅಂಗಡಿಗಳಲ್ಲಿ ಪೂರ್ತಿ ಸರ ನಿಮ್ಮ ಮಿತಿಗೆ ಸಿಗುವುದು ಕಷ್ಟ. 2019ರಲ್ಲಿ ಮುತ್ತು ಬೆಳೆಯುವ ಎಹಿಮೆ ಮತ್ತು ಮಿಯೆ ಕಡೆ ಎಳೆಯ ಅಕೋಯಾ ಚಿಪ್ಪುಗಳು ರಾಶಿ ರಾಶಿಯಾಗಿ ಸತ್ತವು. ಬೆಳೆ ಇಳಿಯಿತು. ಆಮೇಲೆ ಚೀನಾದ ಬೇಡಿಕೆಯೂ ಏರಿ ಬೆಲೆ ಮೇಲೆ ಹೋಯಿತು. ಅಲ್ಲಿ ಕಿವಿಯೋಲೆ ಆಗಬಹುದು. ಸರವೇ ಬೇಕೆಂದರೆ ಒಕಾಚಿಮಾಚಿಗೆ ಬನ್ನಿ. ಉಎನೊ ಪಕ್ಕದ ರೈಲು ನಿಲ್ದಾಣ, ಸುತ್ತಲಿನ ಗಲ್ಲಿಗಳ ತುಂಬ ಆಭರಣದ ಸಗಟು ಅಂಗಡಿಗಳು. ಚಿಲ್ಲರೆ ಮಾರುವವರೂ ಇದ್ದಾರೆ. ಗಿಂಜಾದ ಕುರ್ಚಿ, ಚಹಾ ಇರುವುದಿಲ್ಲ. ಕಬ್ಬಿಣದ ಮೇಜು, ಬಿಳಿ ದೀಪ, ಗೊಂಚಲು ಗೊಂಚಲಾಗಿ ತೂಗುಹಾಕಿದ ಸರಗಳು.

ಸಸ್ಯಾಹಾರಿ ಪ್ರವಾಸಿ
ಒಕಾಚಿಮಾಚಿ ಎಂದ ಕೂಡಲೇ ಹೊಟ್ಟೆಯ ನೆನಪಾಯಿತು. ಅಲ್ಲಿ ರತ್ನದ ವ್ಯಾಪಾರ ಮಾಡುವ ಜೈನರು ಬಹಳ ಮಂದಿ ಇದ್ದಾರೆ, ಹಾಗಾಗಿ ಶುದ್ಧ ಸಸ್ಯಾಹಾರಿ ಊಟ ಸಿಗುತ್ತದೆ. ಟೋಕಿಯೊದಲ್ಲಿ ಸಾರು ಎಂದರೂ ಒಳಗೆ ಹೆಚ್ಚಾಗಿ ಮೀನಿನ ರಸ ಇರುತ್ತದೆ, ಕೇಳದೆ ತಿನ್ನಬೇಡಿ.

ಧಾರವಾಡದಾಕೆ
ಮುತ್ತು ಅಸಲಿಯೇ ಎಂದು ಹಲ್ಲಿಗೆ ಉಜ್ಜಿ ನೋಡುತ್ತಾರಲ್ಲ, ಅದನ್ನು ಮಾಡಬಹುದೇ? ಮರಳು ಮರಳಾದರೆ ಅಸಲಿ ಎಂದು ಅತ್ತೆ ಹೇಳುತ್ತಿದ್ದರು.

ನಿಶಿಕಸಾಯಿ ಕನ್ನಡಿಗ
@ಧಾರವಾಡದಾಕೆ, ಅಂಗಡಿಯಲ್ಲಿ ದಯವಿಟ್ಟು ಬೇಡ ಅಕ್ಕಾ. ಅದರಿಂದ ಗಾಜು, ಪ್ಲಾಸ್ಟಿಕ್‌ಗಳ ನಕಲಿ ತಿಳಿಯಬಹುದು ಅಷ್ಟೇ. ಸಿಹಿನೀರಿನದೂ ಮರಳು ಮರಳೇ, ಅಕೋಯಾ ಕೂಡ ಮರಳು ಮರಳೇ.

ನೋಡಬೇಕಾದ್ದು ಹೊಳಪು. ಮುತ್ತನ್ನು ದೀಪದ ಕೆಳಗೆ ಹಿಡಿದರೆ ದೀಪದ ಬಿಂಬದ ಅಂಚು ಚೂಪಾಗಿ ಕಾಣಬೇಕು. ಮಸುಕಾಗಿ ಹರಡಿದರೆ ಮೇಲ್ಪದರ ತೆಳ್ಳಗಿರಬಹುದು. ಆಮೇಲೆ ಸರವನ್ನು ಬಿಳಿ ಬಟ್ಟೆಯ ಮೇಲಿಟ್ಟು ಮೆಲ್ಲಗೆ ಉರುಳಿಸಿ. ಗುಂಡಗಿಲ್ಲದ ಮಣಿ ತೂಗಾಡುತ್ತದೆ, ಕಣ್ಣಿಗೆ ಬೀಳುತ್ತದೆ. ಅಂಗಡಿಯವರು ಎಎಎ ದರ್ಜೆ ಎಂದರೆ ಅದಕ್ಕೆ ಎಲ್ಲರೂ ಒಪ್ಪಿದ ಅಳತೆಗೋಲು ಇಲ್ಲ. ಹನಾದಮ (ಅತ್ಯುತ್ತಮ ಅಕೋಯಾ ಮುತ್ತಿಗೆ ಹೇಳುವ ಹೆಸರು) ಎಂದರೆ ಯಾವ ಪ್ರಯೋಗಾಲಯದ ಪತ್ರ ಎಂದು ಕೇಳಿ. ಅಕೋಯಾವನ್ನು ಸಾಮಾನ್ಯವಾಗಿ ಬಿಳುಪುಗೊಳಿಸಿ, ಸ್ವಲ್ಪ ಗುಲಾಬಿ ಛಾಯೆ ಕೊಟ್ಟಿರುತ್ತಾರೆ. ಅದು ಮೋಸವಲ್ಲ, ಆದರೆ ಕೇಳಿದರೆ ಹೇಳಬೇಕು.

ರಾಮನಗರದ ರೇಷ್ಮೆ
ಪೋಣಿಸಿದ ದಾರ ನೋಡಿ ಟೀಚರ್. ರೇಷ್ಮೆಯ ದಾರದಲ್ಲಿ ಮಣಿ ಮಣಿಗೂ ಗಂಟು ಹಾಕಿದ್ದರೆ, ಹರಿದರೂ ಒಂದೇ ಮುತ್ತು ಉದುರುತ್ತದೆ. ನಮ್ಮ ಸೆಕೆಗೆ, ಬೆವರಿಗೆ ದಾರ ಸಡಿಲವಾಗುತ್ತದೆ, ಕೆಲವು ವರ್ಷಕ್ಕೊಮ್ಮೆ ಮತ್ತೆ ಪೋಣಿಸಬೇಕು.

ಕುಂದಾಪುರದ ಮಳೆ
ಸೆಂಟು ಹಾಕಿಕೊಂಡ ಮೇಲೆ ಮುತ್ತು ತೊಡಬೇಡಿ. ತೆಗೆದಿಡುವಾಗ ಮೆತ್ತನೆಯ ಬಟ್ಟೆಯಿಂದ ಒರೆಸಿ. ಪ್ಲಾಸ್ಟಿಕ್ ಕವರಿನಲ್ಲಿ ಮುಚ್ಚಿಡಬೇಡಿ.

ಕೋರಮಂಗಲದಿಂದ
ಸರದ ಉದ್ದವನ್ನೂ ಯೋಚಿಸಿ. ಅಲ್ಲಿ ಸಾಮಾನ್ಯವಾಗಿ ಸಿಗುವುದು 42ರಿಂದ 45 ಸೆಂಟಿಮೀಟರ್, ಕೊರಳೆಲುಬಿನ ಹತ್ತಿರ ನಿಲ್ಲುತ್ತದೆ. ರವಿಕೆಯ ಕುತ್ತಿಗೆ ಇಳಿದಿದ್ದರೆ ಚೆನ್ನಾಗಿ ಕಾಣುತ್ತದೆ. ಕುತ್ತಿಗೆ ಮುಚ್ಚಿದ ರವಿಕೆಯ ಮೇಲೆ ಸರ ಕಳೆದುಹೋಗುತ್ತದೆ. ಹೋಗುವಾಗ ಯಾವ ಸೀರೆಗೆ ತೊಡುತ್ತೀರೋ ಅದನ್ನೇ ಉಟ್ಟು ಹೋಗಿ. ಚೀಲದ ಪಟ್ಟು ನಾನು ಬಿಟ್ಟೆ.

ಉಳಿತಾಯವೇ ಗಳಿಕೆ
ಚೌಕಾಸಿ ಮಾಡಬಹುದೇ? ಕನಿಷ್ಠ ಅದನ್ನಾದರೂ ಮಾಡಲಿ.

ಒಸಾಕದ ವಿದ್ಯಾರ್ಥಿನಿ
ಗಿಂಜಾದಲ್ಲಿ ಬೇಡ. ಅಲ್ಲಿನ ಮಿತ್ಸುಕೊಶಿ ಎಂಬ ದೊಡ್ಡ ಮಳಿಗೆಯ ಮೂಲ 1673ರಲ್ಲಿ ಎದೊದಲ್ಲಿ (ಟೋಕಿಯೊದ ಹಳೆಯ ಹೆಸರು) ತೆರೆದ ಎಚಿಗೊಯಾ ಎಂಬ ಬಟ್ಟೆಯಂಗಡಿ. "ನಗದು ಕೊಡಿ, ಎಲ್ಲರಿಗೂ ಒಂದೇ ಬೆಲೆ" ಎಂಬ ಪದ್ಧತಿಯಿಂದಲೇ ಆ ಅಂಗಡಿ ಹೆಸರು ಮಾಡಿದ್ದು. ಮೂರೂವರೆ ಶತಮಾನದ ಅಭ್ಯಾಸ ಅದು. ಒಕಾಚಿಮಾಚಿಯಲ್ಲಿ "ಇದಕ್ಕಿಂತ ಸ್ವಲ್ಪ ಕಡಿಮೆಯದು ಇದೆಯೇ" ಎಂದು ಮೆಲ್ಲಗೆ ಕೇಳಬಹುದು.

ಗಿಂಜಾ ಎಂಬ ಹೆಸರಿಗೇ ಬೆಳ್ಳಿಯ ಟಂಕಸಾಲೆ ಎಂಬ ಅರ್ಥ. 1612ರಲ್ಲಿ ಟಂಕಸಾಲೆ ಅಲ್ಲಿಗೆ ಬಂತು. ಶನಿವಾರ, ಭಾನುವಾರ ಮಧ್ಯಾಹ್ನ ಹನ್ನೆರಡರಿಂದ ಮುಖ್ಯ ರಸ್ತೆಯಲ್ಲಿ ವಾಹನ ನಿಲ್ಲಿಸುತ್ತಾರೆ, ಚಳಿಗಾಲದಲ್ಲಿ ಐದು ಗಂಟೆಯವರೆಗೆ. ನಡುರಸ್ತೆಯಲ್ಲಿ ಕುರ್ಚಿ ಹಾಕಿರುತ್ತಾರೆ, ಸುಮ್ಮನೆ ಕೂತು ನೋಡಬಹುದು.

ಲೆಕ್ಕಪರಿಶೋಧಕ, ಹುಬ್ಬಳ್ಳಿ
ಊರಿಗೆ ಬರುವಾಗಿನ ಮಾತು ಯಾರೂ ಎತ್ತಲಿಲ್ಲ. ಇದು ಮುಖ್ಯ.

2023ರಲ್ಲಿ ನಾನು 3,00,000 ಯೆನ್‌ನ ಕೈಗಡಿಯಾರ ತಂದೆ, ಆಗಿನ ದರದಲ್ಲಿ ಸುಮಾರು 1,74,000 ರೂಪಾಯಿ. ಸುಂಕವಿಲ್ಲದೆ ತರುವ ಮಿತಿ ಆಗ 50,000. ವಿಮಾನ ನಿಲ್ದಾಣದಲ್ಲಿ ಸುಂಕ ಕಟ್ಟಬೇಕಾದವರ ಕೆಂಪು ದಾರಿಗೆ ಹೋಗಿ ಬಿಲ್ ತೋರಿಸಿದೆ. ಉಳಿದ 1,24,000ಕ್ಕೆ 38.5 ಶೇಕಡಾದಂತೆ 47,740 ರೂಪಾಯಿ ಕಟ್ಟಿದೆ. ಹೆಂಡತಿಯ ಮಿತಿಯನ್ನೂ ಸೇರಿಸಿಕೊಳ್ಳಿ ಎಂದು ಕೇಳಿದೆ. ಇಬ್ಬರ ಮಿತಿಯನ್ನು ಒಂದೇ ವಸ್ತುವಿಗೆ ಒಟ್ಟುಗೂಡಿಸುವಂತಿಲ್ಲ ಎಂದರು. 2026ರ ಫೆಬ್ರವರಿಯಿಂದ ಮಿತಿ 75,000 ಆಗಿದೆ. ಎರಡು ಲಕ್ಷದ ವಸ್ತುವಾದರೆ ಸುಂಕ ಬಂದೇ ಬರುತ್ತದೆ. ಅದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡು ಕೊಳ್ಳಿ.

ಮಡಿಕೇರಿ ಮಂಜು
ಕೊರಳಿಗೆ ಹಾಕಿಕೊಂಡು ಬಂದುಬಿಟ್ಟರೆ ಯಾರು ಕೇಳುತ್ತಾರೆ?

ಲೆಕ್ಕಪರಿಶೋಧಕ, ಹುಬ್ಬಳ್ಳಿ
@ಮಡಿಕೇರಿ ಮಂಜು, ಹಾಗೆ ಹೇಳಿಕೊಡಬೇಡಿ. ತಾವೇ ದುಡಿದ ಹಣದಲ್ಲಿ ಕೊಂಡದ್ದನ್ನು ತೊಟ್ಟುಕೊಂಡು ಎದೆ ಹೊಡೆದುಕೊಳ್ಳುತ್ತ ನಡೆದು ಬರಬೇಕೇ? ಬಿಲ್ ಇಟ್ಟುಕೊಳ್ಳಿ, ಘೋಷಿಸಿ, ರಸೀದಿ ತೆಗೆದುಕೊಳ್ಳಿ. ಕಾರ್ಡ್ ಕೊಡುವಾಗ ಯಂತ್ರ ರೂಪಾಯಿಯೋ ಯೆನ್ನೋ ಎಂದು ಕೇಳಿದರೆ ಯೆನ್ ಎಂದೇ ಒತ್ತಿ. ರೂಪಾಯಿ ಒತ್ತಿದರೆ ಅವರದೇ ದರ ಹಾಕುತ್ತಾರೆ.

ಗಡಿಯಾರ ಪ್ರೇಮಿ, ಜಾಲಹಳ್ಳಿ
ಕೊಳ್ಳದಿದ್ದರೂ ಸರಿ, ವಾಕೊ ಗೋಪುರದ ಕೆಳಗೆ ಗಂಟೆ ಹೊಡೆಯುವ ಹೊತ್ತಿಗೆ ಒಮ್ಮೆ ನಿಲ್ಲಿ ಟೀಚರ್. ನನಗಾಗಿ ಕೇಳಿಸಿಕೊಳ್ಳಿ.

ಗಣಿತ ಟೀಚರ್, ಮೈಸೂರು
ನಿನ್ನೆ ರಾತ್ರಿ ಮಗಳ ಜೊತೆ ಕೂತು ಎಲ್ಲ ಉತ್ತರಗಳನ್ನೂ ಮೊದಲಿನಿಂದ ಓದಿದೆ. ಅವಳಿಗೆ ಅಜ್ಜಿಯ ಸರದ ಕಥೆ ಗೊತ್ತೇ ಇರಲಿಲ್ಲ. ನಾನೇ ಎಂದೂ ಹೇಳಿರಲಿಲ್ಲ.

ಲೆಕ್ಕ ಹೀಗೆ ಹಾಕಿದ್ದೇನೆ. ಸರಕ್ಕೆ 2,60,000 ಯೆನ್ ಮೀರುವುದಿಲ್ಲ, ಅಂದರೆ ಸುಮಾರು 1,50,000 ರೂಪಾಯಿ. ಉಳಿದ 50,000 ಸುಂಕಕ್ಕೆ ಮೀಸಲು. ತೆರಿಗೆ ವಾಪಸು ಬಂದರೆ ಅದು ಮಗಳಿಗೆ, ಅವಳು ಏನು ಬೇಕೋ ಕೊಳ್ಳಲಿ. ಮೊದಲ ದಿನ ಗಿಂಜಾಕ್ಕೆ ಹೋಗಿ ಒಳ್ಳೆಯ ಮುತ್ತು ಹೇಗಿರುತ್ತದೆ ಎಂದು ಕಣ್ಣಿಗೆ ಕಲಿಸುತ್ತೇನೆ, ಗೋಪುರದ ಗಂಟೆಯನ್ನೂ ಕೇಳುತ್ತೇನೆ. ಮೂರನೆಯ ದಿನ ಒಕಾಚಿಮಾಚಿ. ಬಾಟಲಿ ಹಸಿರಿನ ಮೈಸೂರು ರೇಷ್ಮೆ ಉಡುತ್ತೇನೆ, ರವಿಕೆಯ ಕುತ್ತಿಗೆ ಇಳಿದೇ ಇದೆ.

ಒಂದು ಪ್ರಶ್ನೆ ಉಳಿದಿದೆ. ಕೊಂಡ ಮೇಲೆ ಮನಸ್ಸು ಬದಲಾದರೆ ಹಿಂದಿರುಗಿಸಬಹುದೇ?

ಒಸಾಕದ ವಿದ್ಯಾರ್ಥಿನಿ
ಸಾಮಾನ್ಯವಾಗಿ ಆಗುವುದಿಲ್ಲ ಟೀಚರ್. ದೋಷವಿದ್ದರೆ ಮಾತ್ರ. ಅದಕ್ಕೇ ಹಣ ಕೊಡುವ ಮೊದಲು ಕೊಂಡಿಯನ್ನು ನೀವೇ ನಾಲ್ಕು ಬಾರಿ ಹಾಕಿ ತೆಗೆದು ನೋಡಿ. ಒಂಟಿ ಕೈಯಲ್ಲಿ ಹಿಂದೆ ಹಾಕಿಕೊಳ್ಳಲು ಬರಬೇಕು.

ನಿಶಿಕಸಾಯಿ ಕನ್ನಡಿಗ
ಟೀಚರ್, ಮೂರನೆಯ ದಿನ ಶನಿವಾರವಾದರೆ ನನ್ನ ಹೆಂಡತಿ ನಿಮ್ಮ ಜೊತೆ ಬರುತ್ತಾಳೆ, ಭಾಷೆಯ ತೊಂದರೆ ಇರುವುದಿಲ್ಲ. ದಿನಾಂಕವನ್ನು ಇಲ್ಲಿ ಹಾಕಬೇಡಿ, ಖಾಸಗಿ ಸಂದೇಶ ಕಳಿಸಿ. ನವೆಂಬರ್ ಕೊನೆಗೆ ಚಳಿ ಇರುತ್ತದೆ, ರೇಷ್ಮೆಯ ಒಳಗೆ ತೆಳ್ಳನೆಯ ಉಣ್ಣೆಯದನ್ನು ತೊಟ್ಟುಕೊಳ್ಳಿ. ಕುತ್ತಿಗೆ ಇಳಿದದ್ದೇ ಇರಲಿ.

ಧಾರವಾಡದಾಕೆ
ಬಂದ ಮೇಲೆ ಫೋಟೊ ಹಾಕಬೇಕು ಟೀಚರ್. ಸೀರೆ ಸಮೇತ.